ಹಳೆಯ ಕಳವಿನ ಕೇಸು ಇದ್ದವರು ಕೋವಿ ಪತ್ರಕ್ಕೆ ಅರ್ಜಿ ಹಾಕುವ ಮೊದಲು

ಎಂದೋ ಒಂದು ಕಳವಿನ ಕೇಸು ಇತ್ತು ಎಂಬ ಕಾರಣಕ್ಕೇ ಯಾರ ಕೋವಿ ಹಕ್ಕೂ ಹೋಗುವುದಿಲ್ಲ. ಆ ಕೇಸು ಹೇಗೆ ಮುಗಿಯಿತು ಎಂಬುದರ ಮೇಲೆ ಎಲ್ಲವೂ ನಿಂತಿದೆ. ವಿರಾಜಪೇಟೆಯಲ್ಲಿ ವಕೀಲಿ ವೃತ್ತಿ ಮಾಡುತ್ತಿರುವ ನನ್ನ ಬಳಿಗೆ ಈ ಪ್ರಶ್ನೆ ಹೊತ್ತು ಬರುವವರಲ್ಲಿ ಹೆಚ್ಚಿನವರಿಗೆ ತಮ್ಮ ಕೇಸಿನ ಅಂತ್ಯವೇ ಗೊತ್ತಿರುವುದಿಲ್ಲ. ‘ಬಿಟ್ಟರು’ ಎನ್ನುತ್ತಾರೆ. ಹೇಗೆ ಬಿಟ್ಟರು ಎಂದು ಕೇಳಿದರೆ ಮೌನ. ಕೈಲ್‌ಪೊಳ್ದ್ ಎಂಬ ಕೊಡವರ ಆಯುಧ ಪೂಜೆಯ ಹಬ್ಬ ಹತ್ತಿರ ಬಂದಂತೆ ಇಂಥವರ ಸಂಖ್ಯೆ ಹೆಚ್ಚುತ್ತದೆ. ತಂದೆ ತೀರಿಕೊಂಡಿರುತ್ತಾರೆ, ಮನೆಯಲ್ಲಿ ದೀಪವಿಡುವ ನೆಲ್ಲಕ್ಕಿ ಬಾಡೆಯಲ್ಲಿ ಕೋವಿಗೆ ತೋಕ್ ಪೂ ಎಂಬ ಹೂವಿಟ್ಟು ಪೂಜಿಸಬೇಕು, ಕೋವಿಯ ಪರವಾನಗಿ ಅಥವಾ ವಿನಾಯಿತಿ ಪತ್ರ ಮಾತ್ರ ಯಾರ ಹೆಸರಿಗೂ ಆಗಿರುವುದಿಲ್ಲ.

ನಾಪೋಕ್ಲು ಕಡೆಯ ಒಬ್ಬ ತಾಯಿ ಮಗನೊಂದಿಗೆ ಬಂದಾಗ ನಡೆದ ಮಾತು ಇದು.

“ಅಕ್ಕಾ, ಇವನ ಮೇಲೆ ಹಿಂದೆ ಒಂದು ಕಾಫಿ ಕೇಸು ಇತ್ತು. ಕೋರ್ಟಿನಲ್ಲಿ ಬಿಟ್ಟುಬಿಟ್ಟರು. ಈಗ ಇವನ ತಂದೆಯ ಕೋವಿ ಇವನ ಹೆಸರಿಗೆ ಆಗುತ್ತದೆಯೇ?”

“ಆದೇಶದ ಕಾಗದ ಇದೆಯೇ?”

“ಕಾಗದ ಏನೂ ಕೊಡಲಿಲ್ಲ. ಸಾಹೇಬರು ಬುದ್ಧಿ ಹೇಳಿ, ಸಹಿ ಹಾಕಿಸಿಕೊಂಡು ಕಳುಹಿಸಿದರು.”

‘ಸಹಿ ಹಾಕಿಸಿಕೊಂಡು’ ಎಂದ ಕೂಡಲೇ ನನಗೆ ಸುಳಿವು ಸಿಕ್ಕಿತು. ಅದು ಖುಲಾಸೆಯಾಗಿರಲಿಲ್ಲ. ನೆರೆಯ ತೋಟದ ಕಣದಲ್ಲಿ ಒಣಹಾಕಿದ್ದ ಕಾಫಿಯನ್ನು ಗೆಳೆಯರೊಂದಿಗೆ ಸೇರಿ ಕದ್ದ ಆರೋಪ ಸಾಬೀತಾಗಿತ್ತು. ಹುಡುಗನಿಗೆ ಆಗ ಇಪ್ಪತ್ತೊಂದು ತುಂಬಿರಲಿಲ್ಲ. ಆದ್ದರಿಂದ ನ್ಯಾಯಾಧೀಶರು ಜೈಲಿಗೆ ಕಳುಹಿಸದೆ ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡು ಬಿಡುಗಡೆ ಮಾಡಿದ್ದರು. ಶಿಕ್ಷೆಯನ್ನು ಮುಂದಕ್ಕೆ ಹಾಕಿ, ನಡತೆ ನೋಡಿ ಕೈಬಿಡುವ ಈ ವ್ಯವಸ್ಥೆಗೆ ಆಧಾರ 1958ರ ಪ್ರೊಬೇಷನ್ ಆಫ್ ಅಫೆಂಡರ್ಸ್ ಕಾಯ್ದೆ. ಕೋವಿಯ ವಿಷಯದಲ್ಲಿ ಈ ಕಾಯ್ದೆಯಷ್ಟು ನೆರವಿಗೆ ಬರುವುದು ಬೇರೊಂದಿಲ್ಲ. ಇದನ್ನು ಓದದೆಯೇ ಎಷ್ಟೋ ಕುಟುಂಬಗಳು ಹಕ್ಕು ಹೋಯಿತೆಂದು ಕೈಚೆಲ್ಲಿ ಕುಳಿತಿವೆ ಎಂಬುದೇ ನನ್ನ ಸಂಕಟ.

ಆದ್ದರಿಂದ ಮೊದಲ ಕೆಲಸ ನ್ಯಾಯಾಲಯದ ಅಂತಿಮ ಆದೇಶದ ದೃಢೀಕೃತ ನಕಲು ತರುವುದು. ಕೇಸು ನಡೆದದ್ದು ಮಡಿಕೇರಿಯಲ್ಲೋ, ವಿರಾಜಪೇಟೆಯಲ್ಲೋ, ಪೊನ್ನಂಪೇಟೆಯಲ್ಲೋ, ಸೋಮವಾರಪೇಟೆಯಲ್ಲೋ ನೋಡಿಕೊಂಡು ಅಲ್ಲಿಯ ನಕಲು ವಿಭಾಗಕ್ಕೆ ಅರ್ಜಿ ಕೊಡಿ. ಕೇಸ್ ನಂಬರ್ ನೆನಪಿಲ್ಲದಿದ್ದರೆ ಪೊಲೀಸ್ ಠಾಣೆಯ ಹೆಸರು, ವರ್ಷ, ಎಫ್‌ಐಆರ್ ಸಂಖ್ಯೆ ಇವುಗಳಲ್ಲಿ ಸಿಕ್ಕಷ್ಟನ್ನು ಕೊಡಿ. ಈಚಿನ ಕೇಸುಗಳಾದರೆ ಇ-ಕೋರ್ಟ್ಸ್ ತಾಣದಲ್ಲಿ ಹೆಸರು ಹಾಕಿ ಹುಡುಕಿದರೂ ಸಿಗುತ್ತವೆ. ತೀರ್ಪೊಂದೇ ಸಾಲದು, ಆದೇಶ ಹಾಳೆಯ ನಕಲನ್ನೂ ಕೇಳಿ. ಮುಚ್ಚಳಿಕೆಯ ಅವಧಿ ಯಾವುದೇ ತಕರಾರಿಲ್ಲದೆ ಮುಗಿಯಿತೇ ಎಂಬುದು ತೀರ್ಪಿನಲ್ಲಿ ಇರುವುದಿಲ್ಲ. ಅವಧಿಯ ನಡುವೆ ಏನಾದರೂ ನಡೆದಿದ್ದರೆ ಅದು ಕಾಣುವುದು ಆದೇಶ ಹಾಳೆಯಲ್ಲಿ.

ನಕಲು ಕೈಗೆ ಬಂದ ಮೇಲೆ ಓದಬೇಕಾದ ರೀತಿ ಇದೆ. ಮೊದಲ ಪುಟದಲ್ಲಿರುವ ಆರೋಪಗಳ ಕಥೆಯನ್ನು ಓದಿ ಗಾಬರಿಯಾಗಬೇಡಿ, ಕೊನೆಯ ಪುಟದ ‘ಆದೇಶ’ ಎಂಬ ಭಾಗಕ್ಕೆ ಹೋಗಿ. ಪೊಲೀಸರೇ ಬಿ ರಿಪೋರ್ಟ್, ಅಂದರೆ ಕೇಸು ಮುಂದುವರಿಸಲು ಆಧಾರವಿಲ್ಲ ಎಂಬ ವರದಿ, ಹಾಕಿ ಅದು ಅಂಗೀಕಾರವಾಗಿದ್ದರೆ, ನ್ಯಾಯಾಲಯ ಆರೋಪಮುಕ್ತಗೊಳಿಸಿದ್ದರೆ ಅಥವಾ ಖುಲಾಸೆ ಮಾಡಿದ್ದರೆ ಕಾನೂನಿನ ಕಣ್ಣಿನಲ್ಲಿ ನೀವು ಅಪರಾಧಿಯಲ್ಲ. ಮಾಲೀಕರೊಂದಿಗೆ ರಾಜಿಯಾಗಿ ಮುಗಿದಿದ್ದರೂ ಅದರ ಪರಿಣಾಮ ಖುಲಾಸೆಯೇ. ದಂಡ ಸಂಹಿತೆಯ 379ನೇ ಸೆಕ್ಷನ್ನಿನ ಸಾಮಾನ್ಯ ಕಳವಿನಲ್ಲಿ ರಾಜಿಗೆ ಅವಕಾಶವಿದೆ. ಮನೆಯೊಳಗೆ ನಡೆದ ಕಳವು, ಅಂದರೆ 380ನೇ ಸೆಕ್ಷನ್, ರಾಜಿಯಾಗುವಂಥದ್ದಲ್ಲ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದ ಮೇಲೆ ಕಳವು 303ನೇ ಸೆಕ್ಷನ್ನಿಗೂ ಮನೆಗಳವು 305ಕ್ಕೂ ಹೋಗಿವೆ. ಹಳೆಯ ಕೇಸುಗಳ ಕಾಗದದಲ್ಲಿ ಹಳೆಯ ಸಂಖ್ಯೆಗಳೇ ಇರುತ್ತವೆ.

ಇನ್ನು ‘ತಪ್ಪಿತಸ್ಥ’ ಎಂದು ಬರೆದಿದ್ದರೆ? ಆಗ ಅದರ ಮುಂದಿನ ಸಾಲಿಗೆ ಬೆಲೆ ಹೆಚ್ಚು.

1959ರ ಆಯುಧ ಕಾಯ್ದೆಯ 9ನೇ ಸೆಕ್ಷನ್ ಯಾರು ಕೋವಿ ಇಟ್ಟುಕೊಳ್ಳಬಾರದು ಎಂದು ಹೇಳುತ್ತದೆ. ಇಪ್ಪತ್ತೊಂದು ವರ್ಷ ತುಂಬದವರನ್ನು ಅದು ದೂರವಿಡುತ್ತದೆ. ಹಿಂಸೆ ಅಥವಾ ನೈತಿಕ ಅಧಃಪತನದ ಅಪರಾಧದಲ್ಲಿ ದೋಷಿಯಾಗಿ ಜೈಲು ಶಿಕ್ಷೆಗೆ ಗುರಿಯಾದವರಿಗೆ ಆ ಶಿಕ್ಷೆ ಮುಗಿದ ದಿನದಿಂದ ಐದು ವರ್ಷ ನಿಷೇಧ ಹೇರುತ್ತದೆ. ಶಾಂತಿ ಕಾಪಾಡಲು ಅಥವಾ ಸನ್ನಡತೆಗಾಗಿ ದಂಡ ಪ್ರಕ್ರಿಯಾ ಸಂಹಿತೆಯ 8ನೇ ಅಧ್ಯಾಯದಡಿ ಮುಚ್ಚಳಿಕೆ ಬರೆದುಕೊಡಲು ಆದೇಶವಾದವರಿಗೆ ಆ ಮುಚ್ಚಳಿಕೆಯ ಅವಧಿ ಮುಗಿಯುವವರೆಗೆ ನಿಷೇಧವಿದೆ. ಕಳವನ್ನು ನೈತಿಕ ಅಧಃಪತನದ ಅಪರಾಧವೆಂದೇ ಎಣಿಸುತ್ತಾರೆ, ಅಲ್ಲಿ ವಾದಕ್ಕೆ ಜಾಗ ಕಡಿಮೆ. 1983ಕ್ಕೆ ಮೊದಲು ಕನಿಷ್ಠ ಆರು ತಿಂಗಳ ಶಿಕ್ಷೆಯಾಗಿದ್ದರೆ ಮಾತ್ರ ಈ ನಿಷೇಧವಿತ್ತು. ಆ ವರ್ಷದ ತಿದ್ದುಪಡಿಯ ನಂತರ ಎಷ್ಟೇ ಅವಧಿಯ ಜೈಲು ಶಿಕ್ಷೆಯಾದರೂ ನಿಷೇಧ ತಗಲುತ್ತದೆ. ‘ನ್ಯಾಯಾಲಯ ಏಳುವವರೆಗೆ ಸಜೆ’ ಎಂದು ಸಂಜೆಯವರೆಗೆ ಕೂರಿಸಿ ಬಿಟ್ಟಿದ್ದರೆ ಅದೂ ಸಜೆಯೇ ಎಂಬ ಆಕ್ಷೇಪ ಬರುತ್ತದೆ. ಅಂಥವರು ಐದು ವರ್ಷ ಕಳೆಯುವ ತನಕ ಅರ್ಜಿಯನ್ನು ಹಾಕದಿರುವುದೇ ಒಳ್ಳೆಯದು. ಬರೀ ದಂಡ ಕಟ್ಟಿಸಿಕೊಂಡು ಬಿಟ್ಟಿದ್ದರೆ, ಜೈಲು ಶಿಕ್ಷೆಯೇ ಇಲ್ಲದ ಕಾರಣ, ಈ ಐದು ವರ್ಷದ ಲೆಕ್ಕ ಅನ್ವಯಿಸುವುದಿಲ್ಲ.

ಈಗ ನಾಪೋಕ್ಲುವಿನ ಹುಡುಗನ ಕಾಗದಕ್ಕೆ ಬರೋಣ. ಪ್ರೊಬೇಷನ್ ಕಾಯ್ದೆಯ 3ನೇ ಸೆಕ್ಷನ್ನಿನಡಿ ಎಚ್ಚರಿಕೆ ಹೇಳಿ ಬಿಡಬಹುದು. 379, 380ರ ಕಳವುಗಳನ್ನು ಆ ಸೆಕ್ಷನ್ ಹೆಸರಿಸಿಯೇ ಹೇಳುತ್ತದೆ. 4ನೇ ಸೆಕ್ಷನ್ನಿನಡಿ ಗರಿಷ್ಠ ಮೂರು ವರ್ಷದ ಮುಚ್ಚಳಿಕೆ ಬರೆಸಿಕೊಂಡು ಬಿಡಬಹುದು. ಎರಡರಲ್ಲೂ ದೋಷಿ ಎಂಬ ನಿರ್ಣಯ ಇರುತ್ತದೆ, ಶಿಕ್ಷೆ ಇರುವುದಿಲ್ಲ. ಶಿಕ್ಷೆಯೇ ವಿಧಿಸದ ಮೇಲೆ ‘ಶಿಕ್ಷೆ ಮುಗಿದು ಐದು ವರ್ಷ’ ಎಂಬ ಮಾತಿಗೆ ನೆಲೆಯಿಲ್ಲ. ಅದಕ್ಕಿಂತ ಗಟ್ಟಿಯಾದ ಆಧಾರ ಅದೇ ಕಾಯ್ದೆಯ 12ನೇ ಸೆಕ್ಷನ್. ಬೇರೆ ಯಾವುದೇ ಕಾನೂನಿನಲ್ಲಿ ಏನೇ ಇದ್ದರೂ, 3 ಅಥವಾ 4ನೇ ಸೆಕ್ಷನ್ನಿನಡಿ ಬಿಡುಗಡೆಯಾದ ವ್ಯಕ್ತಿಗೆ ದೋಷನಿರ್ಣಯದಿಂದ ಬರುವ ಅನರ್ಹತೆ ತಗಲುವುದಿಲ್ಲ ಎಂದು ಅದು ಸಾರುತ್ತದೆ. ಇದಕ್ಕೆ ಒಂದು ಷರತ್ತಿದೆ. ಮುಚ್ಚಳಿಕೆ ಮುರಿದು, ನ್ಯಾಯಾಲಯ ಮತ್ತೆ ಕರೆಸಿ ಮೂಲ ಅಪರಾಧಕ್ಕೆ ಶಿಕ್ಷೆ ವಿಧಿಸಿದ್ದರೆ ಈ ರಕ್ಷಣೆ ಹೋಗುತ್ತದೆ. ಆದೇಶ ಹಾಳೆಯನ್ನು ತರಲೇಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕಾಗಿ.

ಮುಚ್ಚಳಿಕೆಯ ವಿಷಯದಲ್ಲಿ ಕಚೇರಿಗಳಲ್ಲೂ ಗೊಂದಲವಾಗುತ್ತದೆ. ಪ್ರೊಬೇಷನ್ ಕಾಯ್ದೆಯ ಮುಚ್ಚಳಿಕೆ ಬೇರೆ, ದಂಡ ಪ್ರಕ್ರಿಯಾ ಸಂಹಿತೆಯ 8ನೇ ಅಧ್ಯಾಯದ ಮುಚ್ಚಳಿಕೆ ಬೇರೆ. ಎರಡನೆಯದು ಜಗಳ, ಗಲಭೆಯ ಭಯ ಇದ್ದಾಗ ಅಥವಾ ಅಪರಾಧವೇ ಚಾಳಿಯಾದವರಿಂದ ತಹಶೀಲ್ದಾರ್ ಅಥವಾ ಉಪವಿಭಾಗಾಧಿಕಾರಿಯಂಥ ಕಾರ್ಯನಿರ್ವಾಹಕ ದಂಡಾಧಿಕಾರಿ ಬರೆಸಿಕೊಳ್ಳುವಂಥದ್ದು. ಹೊಸ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದು 9ನೇ ಅಧ್ಯಾಯವಾಗಿದೆ. ಆಯುಧ ಕಾಯ್ದೆ ನಿಷೇಧಿಸುವುದು ಆ ಮುಚ್ಚಳಿಕೆಯ ಅವಧಿಯಲ್ಲಿ. ಅರ್ಜಿಯ ನಮೂನೆಯಲ್ಲೂ ಪ್ರಶ್ನೆ ಇರುವುದು ಅದರ ಬಗ್ಗೆಯೇ. ನಿಮ್ಮ ಮುಚ್ಚಳಿಕೆ ಯಾವ ಕಾಯ್ದೆಯದು ಎಂಬುದನ್ನು ಆದೇಶದಿಂದಲೇ ಎತ್ತಿ ಬರೆಯಿರಿ.

ಅಪರಾಧ ನಡೆದಾಗ ಹದಿನೆಂಟು ತುಂಬಿರದೆ, ಕೇಸು ಬಾಲನ್ಯಾಯ ಮಂಡಳಿಯ ಮುಂದೆ ಮುಗಿದಿದ್ದರೆ ಇಷ್ಟೆಲ್ಲ ಓಡಾಟ ಬೇಡ. 2015ರ ಬಾಲನ್ಯಾಯ ಕಾಯ್ದೆಯ 24ನೇ ಸೆಕ್ಷನ್ ಅಂಥ ಮಕ್ಕಳಿಗೆ ಅನರ್ಹತೆ ತಗಲದಂತೆ ಕಾಯುತ್ತದೆ. ಹದಿನಾರು ದಾಟಿ, ಘೋರ ಅಪರಾಧಕ್ಕಾಗಿ ವಯಸ್ಕರಂತೆ ವಿಚಾರಣೆಗೆ ಒಳಗಾದವರಿಗೆ ಮಾತ್ರ ಅದು ದೊರೆಯದೆ ಹೋಗಬಹುದು. ಸಾಮಾನ್ಯ ಕಳವಿನಲ್ಲಿ ಆ ಪ್ರಶ್ನೆ ಏಳುವುದಿಲ್ಲ.

ಇಷ್ಟಾದ ಮೇಲೆ ಯಾವ ದಾರಿಯ ಅರ್ಜಿ ಎಂದು ನಿರ್ಧರಿಸಬೇಕು. ಕೊಡಗಿನಲ್ಲಿ ಎರಡು ದಾರಿಗಳಿವೆ. ಜನಾಂಗದಿಂದ ಕೊಡವರಾದವರಿಗೂ ಜಮ್ಮಾ ಎಂಬ ಕೊಡಗಿನ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಆಯುಧ ಕಾಯ್ದೆಯ 41ನೇ ಸೆಕ್ಷನ್ನಿನಡಿ ಪರವಾನಗಿಯಿಂದ ವಿನಾಯಿತಿ ಇದೆ. ಇದರ ಬೇರು 1861ರ ಬ್ರಿಟಿಷ್ ಆದೇಶದಲ್ಲಿದೆ. 2019ರಲ್ಲಿ ಕೇಂದ್ರ ಸರ್ಕಾರ ಇದನ್ನು 2029ರ ಅಕ್ಟೋಬರ್ 31ರವರೆಗೆ ಮುಂದುವರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ಜಮ್ಮಾ ಹಿಡುವಳಿ ಇರುವ ಗೌಡ ಕುಟುಂಬಗಳಂಥವೂ ಇದರೊಳಗೆ ಬರುತ್ತವೆ ಎಂಬುದನ್ನು ಹಲವರು ಮರೆಯುತ್ತಾರೆ. ವಿನಾಯಿತಿಗೆ ಸೇರದವರು ಎಲ್ಲರಂತೆ ಪರವಾನಗಿ ಪಡೆಯಬೇಕು. ಕಾಡುಹಂದಿ ಕಾಟದ ಗದ್ದೆಯವರು ಬೆಳೆ ರಕ್ಷಣೆಗೆಂದು ಕೇಳುವುದು ಈ ದಾರಿಯಲ್ಲಿ.

ವಿನಾಯಿತಿ ಇದೆ ಎಂದರೆ ಯಾವ ವಿಚಾರಣೆಯೂ ಇಲ್ಲ ಎಂದು ತಿಳಿಯಬೇಡಿ. ಮಡಿಕೇರಿಯ ಜಿಲ್ಲಾಧಿಕಾರಿ ಕಚೇರಿ ವಿನಾಯಿತಿ ಪತ್ರ ಕೊಡುವ ಮೊದಲು ಕಂದಾಯ ಇಲಾಖೆಯಿಂದ ಕುಟುಂಬ, ಜಮ್ಮಾ ಜಾಗದ ವಿವರವನ್ನೂ ಠಾಣೆಯಿಂದ ನಡತೆಯ ವರದಿಯನ್ನೂ ತರಿಸಿಕೊಳ್ಳುತ್ತದೆ. ಠಾಣೆಯ ದಾಖಲೆಯಲ್ಲಿ ನಿಮ್ಮ ಹಳೆಯ ಕೇಸು ಇದ್ದೇ ಇರುತ್ತದೆ. ಎಷ್ಟೋ ಸಲ ಅಲ್ಲಿ ಎಫ್‌ಐಆರ್ ಮತ್ತು ಆರೋಪಪಟ್ಟಿಯ ವಿವರ ಮಾತ್ರ ಇದ್ದು, ಕೇಸು ಮುಗಿದ ಬಗೆ ದಾಖಲಾಗಿರುವುದಿಲ್ಲ. ಅದೇ ವರದಿ ಹಾಗೆಯೇ ಮಡಿಕೇರಿಗೆ ಹೋದರೆ ಮೇಜಿನ ಮೇಲೆ ನೀವು ಇಂದಿಗೂ ಆರೋಪಿಯೇ. ಆದ್ದರಿಂದ ಅರ್ಜಿ ಹಾಕುವ ಮೊದಲೇ ಠಾಣೆಗೆ ಹೋಗಿ ಆದೇಶದ ನಕಲನ್ನು ಕೊಟ್ಟು ಸ್ವೀಕೃತಿ ಪಡೆಯಿರಿ. ಈ ಒಂದು ಕೆಲಸ ತಿಂಗಳುಗಟ್ಟಲೆ ಅಲೆದಾಟವನ್ನು ತಪ್ಪಿಸಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಪರವಾನಗಿಯ ದಾರಿಯಾದರೆ 2016ರ ಆಯುಧ ನಿಯಮಗಳ ಎ-1 ನಮೂನೆ ತುಂಬಬೇಕು. ಅದರಲ್ಲಿ ನೀವು ದೋಷಿಯೆಂದು ತೀರ್ಮಾನವಾಗಿದ್ದಿರೇ, ಆಗಿದ್ದರೆ ಅಪರಾಧ ಯಾವುದು, ಶಿಕ್ಷೆ ಏನು ಎಂದು ಕೇಳುತ್ತಾರೆ. ಇಲ್ಲಿಯೇ ಜನ ಎಡವುವುದು. “ಬಿಟ್ಟಾಯಿತಲ್ಲ, ‘ಇಲ್ಲ’ ಎಂದು ಬರೆದರಾಯಿತು” ಎಂದು ಸಲಹೆ ಕೊಡುವವರು ಊರಿಗೊಬ್ಬರು ಸಿಗುತ್ತಾರೆ. ದಯವಿಟ್ಟು ಅವರ ಮಾತು ಕೇಳಬೇಡಿ. ಪ್ರೊಬೇಷನ್ ಸಿಕ್ಕಿದರೆ ಅನರ್ಹತೆ ಹೋಗುತ್ತದೆ, ದೋಷನಿರ್ಣಯ ಅಳಿಸಿಹೋಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1975ರಲ್ಲೇ ರೈಲ್ವೆ ನೌಕರರೊಬ್ಬರ ಪ್ರಕರಣದಲ್ಲಿ ಹೇಳಿದೆ. ಆದ್ದರಿಂದ ‘ಇಲ್ಲ’ ಎಂಬುದು ಸುಳ್ಳಾಗುತ್ತದೆ. ಮುಖ್ಯ ಸಂಗತಿ ಮುಚ್ಚಿಟ್ಟು ಅಥವಾ ತಪ್ಪು ಮಾಹಿತಿ ಕೊಟ್ಟು ಪಡೆದ ಪರವಾನಗಿಯನ್ನು ರದ್ದು ಮಾಡಲು ಆಯುಧ ಕಾಯ್ದೆಯ 17ನೇ ಸೆಕ್ಷನ್ನಿನಲ್ಲಿ ನೇರ ಅಧಿಕಾರವಿದೆ. ಹಳೆಯ ಕಳವು ಮಾಡದ ಹಾನಿಯನ್ನು ಆ ಒಂದು ‘ಇಲ್ಲ’ ಮಾಡುತ್ತದೆ. ವಿನಾಯಿತಿ ಪತ್ರದ ಅರ್ಜಿಯಲ್ಲೂ ಇದೇ ನೇರ ನಡೆ ಇರಲಿ.

ಅರ್ಜಿಯೊಂದಿಗೆ ಒಂದು ಪುಟದ ವಿವರಣೆ ಲಗತ್ತಿಸಿ. ನಾನು ಆ ಹುಡುಗನಿಗೆ ಬರೆದುಕೊಟ್ಟ ಬಗೆ ಹೀಗಿತ್ತು: “ನನ್ನ ಮೇಲೆ ಇಂಥ ಠಾಣೆಯಲ್ಲಿ ಭಾರತೀಯ ದಂಡ ಸಂಹಿತೆಯ 379ನೇ ಸೆಕ್ಷನ್ನಿನಡಿ ಪ್ರಕರಣ ದಾಖಲಾಗಿತ್ತು. ಇಂಥ ದಿನಾಂಕದ ಆದೇಶದಲ್ಲಿ ಮಾನ್ಯ ನ್ಯಾಯಾಲಯವು ನನ್ನನ್ನು ದೋಷಿಯೆಂದು ನಿರ್ಣಯಿಸಿ, ಯಾವುದೇ ಶಿಕ್ಷೆ ವಿಧಿಸದೆ, ಪ್ರೊಬೇಷನ್ ಆಫ್ ಅಫೆಂಡರ್ಸ್ ಕಾಯ್ದೆ 1958ರ 4ನೇ ಸೆಕ್ಷನ್ನಿನಡಿ ಬಿಡುಗಡೆ ಮಾಡಿದೆ. ಮುಚ್ಚಳಿಕೆಯ ಅವಧಿ ಇಂಥ ದಿನ ಮುಗಿದಿದೆ. ಷರತ್ತು ಉಲ್ಲಂಘಿಸಿಲ್ಲ. ಆ ಬಳಿಕ ನನ್ನ ಮೇಲೆ ಯಾವ ಪ್ರಕರಣವೂ ಇಲ್ಲ. ಸದರಿ ಕಾಯ್ದೆಯ 12ನೇ ಸೆಕ್ಷನ್ನಿನ ಪ್ರಕಾರ ನನಗೆ ಅನರ್ಹತೆ ಅನ್ವಯಿಸುವುದಿಲ್ಲ.” ಇದಕ್ಕೆ ಹೆಚ್ಚು ಬೇಡ. ಗೆಳೆಯರು ಹಾದಿ ತಪ್ಪಿಸಿದರು, ಪೊಲೀಸರು ಹಗೆ ಸಾಧಿಸಿದರು ಎಂಬ ಕಥೆಗಳನ್ನು ಸೇರಿಸಬೇಡಿ. ತೀರ್ಪಾದ ವಿಷಯವನ್ನು ಮತ್ತೆ ಕೆದಕುವವರ ಬಗ್ಗೆ ಅಧಿಕಾರಿಗೆ ಅನುಮಾನವೇ ಹುಟ್ಟುತ್ತದೆ.

ಕಾನೂನಿನ ನಿಷೇಧ ಇಲ್ಲದಿದ್ದರೂ ಪರವಾನಗಿ ಸಿಕ್ಕೇ ಸಿಗುತ್ತದೆ ಎಂದು ನಾನು ಭರವಸೆ ಕೊಡುವುದಿಲ್ಲ. ಯಾವುದೇ ಕಾರಣದಿಂದ ಅರ್ಜಿದಾರ ತಕ್ಕವನಲ್ಲ ಎಂದು, ಅಥವಾ ಸಾರ್ವಜನಿಕ ಶಾಂತಿ, ಸುರಕ್ಷತೆಗಾಗಿ ಅಗತ್ಯವೆಂದು ಕಂಡರೆ ನಿರಾಕರಿಸಲು 14ನೇ ಸೆಕ್ಷನ್ ಜಿಲ್ಲಾಧಿಕಾರಿಗೆ ಅಧಿಕಾರ ಕೊಟ್ಟಿದೆ. ಒಂದೇ ಕೇಸು, ಹಳೆಯದು, ಆಯುಧ ಬಳಸಿಲ್ಲ, ಆಮೇಲೆ ಶಾಂತ ಬದುಕು ಎಂದಾದರೆ ನಿಮ್ಮ ಪಕ್ಷ ಗಟ್ಟಿ. ಕಳವಿನ ಜೊತೆ ಹೊಡೆದಾಟದ ಕೇಸೂ ಇದ್ದರೆ, ರೌಡಿ ಪಟ್ಟಿಯಲ್ಲಿ ಹೆಸರು ಉಳಿದಿದ್ದರೆ ಮೊದಲು ಅದನ್ನು ಬಗೆಹರಿಸಿಕೊಂಡು ಬನ್ನಿ. ಕೇಸು ಇನ್ನೂ ನಡೆಯುತ್ತಿದ್ದರೆ, ಬಾಕಿ ಇದೆ ಎಂಬುದೊಂದೇ 9ನೇ ಸೆಕ್ಷನ್ನಿನ ನಿಷೇಧಕ್ಕೆ ಕಾರಣವಾಗದು. ಆದರೂ ತೀರ್ಪಿನವರೆಗೆ ಕಾಯುವಂತೆ ನಾನು ಹೇಳುತ್ತೇನೆ.

ಅಮೆರಿಕದಲ್ಲಿ ಮಕ್ಕಳಿರುವ ಮನೆಗಳು ಈಗ ನಮ್ಮಲ್ಲಿ ಬಹಳ. ಟೆಕ್ಸಾಸ್‌ನಲ್ಲಿ ಅಂಗಡಿ ಕಳವಿನ ಆರೋಪದಲ್ಲಿ ‘ಡಿಫರ್ಡ್ ಅಡ್ಜುಡಿಕೇಶನ್’ ಆದ ಮಗ ಊರಿಗೆ ಬಂದರೆ ಏನು ಎಂದು ಗೋಣಿಕೊಪ್ಪದ ತಂದೆಯೊಬ್ಬರು ಕೇಳಿದ್ದರು. ಅಲ್ಲಿ ತಪ್ಪೊಪ್ಪಿಗೆ ಪಡೆದರೂ ನ್ಯಾಯಾಧೀಶರು ದೋಷಿಯೆಂದು ನಿರ್ಣಯ ಬರೆಯದೆ ನಿಗಾ ಅವಧಿ ಕೊಡುತ್ತಾರೆ, ಅದು ಮುಗಿದಾಗ ಕೇಸನ್ನು ವಜಾ ಮಾಡುತ್ತಾರೆ. ನಮ್ಮ ಪ್ರೊಬೇಷನ್ನಿಗೂ ಇದಕ್ಕೂ ಇರುವ ಅಂತರ ಇಲ್ಲಿದೆ: ನಮ್ಮಲ್ಲಿ ದೋಷನಿರ್ಣಯ ಮೊದಲು ಬರುತ್ತದೆ, ಅಲ್ಲಿ ಅದು ಬರುವುದೇ ಇಲ್ಲ. ಅಮೆರಿಕದ ಒಕ್ಕೂಟ ಕಾನೂನು ಬಂದೂಕು ನಿಷೇಧಿಸುವುದು ಒಂದು ವರ್ಷಕ್ಕಿಂತ ಹೆಚ್ಚು ಸಜೆ ವಿಧಿಸಬಹುದಾದ ಅಪರಾಧಗಳಲ್ಲಿ ದೋಷಿಗಳಾದವರಿಗೆ. ರಾಜ್ಯದ ಕಾನೂನಿನಲ್ಲಿ ಸಣ್ಣ ಅಪರಾಧವೆಂದು ಕರೆದು ಎರಡು ವರ್ಷದೊಳಗಿನ ಸಜೆ ಇಟ್ಟಿರುವುದನ್ನು ಅದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಚಿಕ್ಕ ಮೊತ್ತದ ಅಂಗಡಿ ಕಳವು ಟೆಕ್ಸಾಸ್‌ನಲ್ಲಿ ಇಂಥ ಸಣ್ಣ ಅಪರಾಧ.

ಆದರೆ ಆ ತಂದೆಗೆ ನಾನು ಒತ್ತಿ ಹೇಳಿದ್ದು ಬೇರೆ ಮಾತು. ತಪ್ಪೊಪ್ಪಿಕೊಂಡು ನಿಗಾ ಅವಧಿಗೆ ಒಳಗಾದದ್ದನ್ನು ಅಲ್ಲಿಯ ವಲಸೆ ಕಾನೂನು ದೋಷನಿರ್ಣಯವೆಂದೇ ಎಣಿಸುತ್ತದೆ. ಬಂದೂಕಿನ ಪ್ರಶ್ನೆಯಲ್ಲಿ ಪಾರಾದವನು ವೀಸಾ ಪ್ರಶ್ನೆಯಲ್ಲಿ ಸಿಕ್ಕಿಕೊಳ್ಳಬಹುದು. ಕೆಲಸದ ವೀಸಾದಲ್ಲಿ ಇರುವವರಿಗೆ, ಬೇಟೆ ಪರವಾನಗಿಯಂಥ ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಅಲ್ಲಿ ಬಂದೂಕು ಇಟ್ಟುಕೊಳ್ಳುವುದೇ ನಿಷಿದ್ಧ. ಅಲ್ಲಿಯ ವಲಸೆ ವಕೀಲರನ್ನು ಕೇಳದೆ ಮಗ ಒಂದು ಹೆಜ್ಜೆಯನ್ನೂ ಇಡಬಾರದು. ಊರಿಗೆ ಮರಳಿ ಇಲ್ಲಿ ಅರ್ಜಿ ಹಾಕುವಾಗ ವಜಾ ಆದೇಶದ ದೃಢೀಕೃತ ಪ್ರತಿಯನ್ನು ಲಗತ್ತಿಸಿ, ನಡೆದದ್ದನ್ನು ನಡೆದಂತೆ ಬರೆದರೆ ಸಾಕು.

ಈ ನಡುವೆ ಮನೆಯಲ್ಲಿರುವ ತಂದೆಯ ಕೋವಿಯನ್ನು ಏನು ಮಾಡಬೇಕು? ಇದನ್ನು ಯಾರೂ ಕೇಳುವುದಿಲ್ಲ, ಅಪಾಯ ಇರುವುದು ಇಲ್ಲೇ. ಪತ್ರದಲ್ಲಿ ಹೆಸರಿದ್ದವರು ತೀರಿಕೊಂಡ ಮೇಲೆ ಆ ಕೋವಿ ಯಾರದೋ ಕಪಾಟಿನಲ್ಲಿ ಉಳಿಯುವಂತಿಲ್ಲ. ಆಯುಧ ಕಾಯ್ದೆಯ 21ನೇ ಸೆಕ್ಷನ್ನಿನಂತೆ, ಇಟ್ಟುಕೊಳ್ಳಲು ಹಕ್ಕಿಲ್ಲದಾದ ಆಯುಧವನ್ನು ವಿಳಂಬವಿಲ್ಲದೆ ಹತ್ತಿರದ ಠಾಣೆಯಲ್ಲೋ ಪರವಾನಗಿ ಪಡೆದ ಆಯುಧ ವ್ಯಾಪಾರಿಯಲ್ಲೋ ಠೇವಣಿ ಇಡಬೇಕು. ತೋಟಾಗಳನ್ನೂ ಎಣಿಸಿ ಕೊಡಿ, ಕೋವಿಯ ಸಂಖ್ಯೆ ನಮೂದಿಸಿದ ರಸೀದಿ ಪಡೆಯಿರಿ. ನಿಗದಿತ ಅವಧಿಯಲ್ಲಿ ಬಿಡಿಸಿಕೊಳ್ಳದಿದ್ದರೆ ಮುಟ್ಟುಗೋಲಾಗುವ ಸಾಧ್ಯತೆ ಇರುವುದರಿಂದ ದಿನಾಂಕದ ಮೇಲೆ ಕಣ್ಣಿರಲಿ. ಒಕ್ಕದಲ್ಲಿ, ಅಂದರೆ ಕೊಡವ ಕುಲಕುಟುಂಬದಲ್ಲಿ, ಪತ್ರವಿರುವ ಅಣ್ಣನೋ ಚಿಕ್ಕಪ್ಪನೋ ಇದ್ದರೆ ಅವರ ಹೆಸರಿಗೆ ನಮೂದಿಸಲು ಕೇಳಿಕೊಳ್ಳಬಹುದು. ಹಕ್ಕಿಲ್ಲದೆ ಕೋವಿ ಇಟ್ಟುಕೊಂಡವರಿಗೆ 2019ರ ತಿದ್ದುಪಡಿಯ ನಂತರ ಕನಿಷ್ಠ ಎರಡು ವರ್ಷ, ಗರಿಷ್ಠ ಐದು ವರ್ಷ ಜೈಲು. ಹಳೆಯ ಕಳವಿನಿಂದ ಉಳಿದುಕೊಂಡ ಹುಡುಗನ ಮೇಲೆ ಇಂಥ ಹೊಸ ಕೇಸು ಬಿದ್ದರೆ ಮುಂದೆ ನಾನು ವಾದಿಸಲು ಏನೂ ಉಳಿಯುವುದಿಲ್ಲ. ಅದೇ ತಿದ್ದುಪಡಿಯಿಂದ ಪರವಾನಗಿಯ ಅವಧಿ ಐದು ವರ್ಷಕ್ಕೆ ಏರಿದೆ, ಒಬ್ಬ ಪರವಾನಗಿದಾರ ಇಟ್ಟುಕೊಳ್ಳಬಹುದಾದ ಬಂದೂಕುಗಳು ಮೂರರಿಂದ ಎರಡಕ್ಕೆ ಇಳಿದಿವೆ.

ಪರವಾನಗಿ ನಿರಾಕರಿಸಿದರೆ ಬಾಯಿಮಾತಿನ ಉತ್ತರ ಕೇಳಿ ಮನೆಗೆ ಮರಳಬೇಡಿ. ಕಾರಣವನ್ನು ಬರಹದಲ್ಲಿ ದಾಖಲಿಸುವುದು ಅಧಿಕಾರಿಯ ಹೊಣೆ. ಕೇಳಿದರೆ ಅದರ ಸಂಕ್ಷಿಪ್ತ ವಿವರಣೆ ಕೊಡಬೇಕು, ಸಾರ್ವಜನಿಕ ಹಿತಕ್ಕೆ ಧಕ್ಕೆ ಎನಿಸಿದರೆ ಮಾತ್ರ ತಡೆಹಿಡಿಯಬಹುದು. ಆದೇಶ ಸಿಕ್ಕ 30 ದಿನಗಳೊಳಗೆ 18ನೇ ಸೆಕ್ಷನ್ನಿನಡಿ ಮೇಲ್ಮನವಿ ಸಲ್ಲಿಸಿ. ಆ ಆದೇಶದಲ್ಲಿ ‘ಕಳವು ಪ್ರಕರಣದಲ್ಲಿ ಶಿಕ್ಷೆಯಾಗಿರುತ್ತದೆ’ ಎಂಬ ಸಾಲು ಇದ್ದರೆ ಮೇಲ್ಮನವಿಯ ಮೊದಲ ಅಂಶ ಅದೇ ಆಗಲಿ: ನ್ಯಾಯಾಲಯ ಶಿಕ್ಷೆ ವಿಧಿಸಿಲ್ಲ ಎಂದು ಬರೆದು, ಆದೇಶದ ಕೊನೆಯ ಪುಟವನ್ನು ಜೊತೆಗೆ ಲಗತ್ತಿಸಿ, ಆ ಸಾಲಿಗೆ ಗೆರೆ ಎಳೆದು ಕೊಡಿ.